ಮೂರನೆಯ ರೆಕ್ಕೆ

ಮನೆಗೆ ಯಾರಾದರೂ ಬಂದರೆ ನಾನು ಕುಡಿಯಲು ನೀರು ಕೊಡುವ ಮೊದಲು ಫ್ಯಾನ್ ಹಚ್ಚುತ್ತೇನೆ. ಬೇಸಿಗೆಯಲ್ಲಷ್ಟೇ ಅಲ್ಲ, ಚಳಿಗಾಲದಲ್ಲೂ. ಬಂದವರು ಸೆರಗು ಹೊದ್ದುಕೊಂಡು ‘ಆಫ್ ಮಾಡ್ರಿ, ಥಂಡಿ ಹತ್ತೇತಿ’ ಎಂದರೂ ಕೇಳಿಸದವಳಂತೆ ಒಳಗೆ ಹೋಗಿ ಚಹಾಕ್ಕೆ ಇಡುತ್ತೇನೆ. ನಮ್ಮ ಪಡಸಾಲೆಯ ಫ್ಯಾನಿನ ಎರಡು ರೆಕ್ಕೆಗಳ ಮೇಲೆ ಕೆಂಪು ಬಣ್ಣದಲ್ಲಿ ಹೆಸರುಗಳಿವೆ. ಮೂರನೆಯದರ ಮೇಲೆ ಅಳಿಸಿದ ಕಲೆಯಿದೆ. ತಿರುಗುತ್ತಿದ್ದರೆ ಯಾವುದೂ ಕಾಣುವುದಿಲ್ಲ. ನಿಂತಿತೆಂದರೆ ಎಲ್ಲವೂ ಕಾಣುತ್ತದೆ, ಬಂದವರು ಏನೆಂದು ಕೇಳಿಯೇ ಕೇಳುತ್ತಾರೆ.

ಕೊಪ್ಪಳದಲ್ಲಿ ನಾವು ಮನೆ ಕಟ್ಟಿಸಿ ನಾಲ್ಕು ವರ್ಷವಾಯಿತು. ಗಂಡನಿಗೆ ಗಿಣಿಗೇರಾ ಹತ್ತಿರದ ಕಾರ್ಖಾನೆಯಲ್ಲಿ ಕೆಲಸ, ನನಗೆ ಒಂದು ಕಾಲೇಜಿನ ಕಚೇರಿಯಲ್ಲಿ ಗುಮಾಸ್ತಿಕೆ. ಇಟ್ಟಿಗೆ, ಸಿಮೆಂಟು, ಬಾಗಿಲು, ಟೈಲ್ಸು ಎಲ್ಲವೂ ಹೇಗೋ ಮುಗಿದವು. ಫ್ಯಾನ್ ಆರಿಸುವುದಕ್ಕೆ ಮಾತ್ರ ಒಂದು ತಿಂಗಳು ಹಿಡಿಯಿತು. ಅದಕ್ಕೆ ಕಾರಣ ನಾನೇ. ಮೊಬೈಲಿನಲ್ಲಿ ನೂರಾರು ಫ್ಯಾನಿನ ಚಿತ್ರ ತುಂಬಿಕೊಂಡು, ಊಟಕ್ಕೆ ಕೂತಾಗಲೂ ಗಂಡನ ಮುಖದ ಮುಂದೆ ಹಿಡಿಯುತ್ತಿದ್ದೆ.

‘ಬಿಳೇದು ಬ್ಯಾಡ. ಕಾರ್ಖಾನಿ ಹೊಗಿ ಬಂದು ವಾರದಾಗ ಕರ್ರಗಾಕ್ಕೈತಿ’ ಎಂದು ಅವರು ಒಂದೇ ಮಾತು ಹೇಳಿ ಸುಮ್ಮನಾಗಿದ್ದರು.

ನನಗೆ ಬಿಳಿಯದೇ ಬೇಕಿತ್ತು. ನನ್ನ ಜೊತೆ ಕೆಲಸ ಮಾಡುವ ಒಬ್ಬಾಕೆಯ ಮನೆಯಲ್ಲಿ ಅಂಥದ್ದನ್ನು ನೋಡಿ ಬಂದಿದ್ದೆ. ರೆಕ್ಕೆ ತೆಳ್ಳಗಿರಬೇಕು, ರಿಮೋಟ್ ಇರಬೇಕು, ಸದ್ದು ಬರಬಾರದು, ಪಿಒಪಿ ಮಾಡಿಸಿದ ಛಾವಣಿಗೆ ಒಪ್ಪಬೇಕು. ಗಾಳಿ ಬರಬೇಕು ಎಂದು ನಾನು ಒಮ್ಮೆಯಾದರೂ ಅಂದ ನೆನಪಿಲ್ಲ. ಕೊಪ್ಪಳದ ಬಿಸಿಲಲ್ಲಿ ಹುಟ್ಟಿ ಬೆಳೆದವರಂತೆ ನಾನು ಯೋಚಿಸಲೇ ಇಲ್ಲ, ಫೋಟೋದಲ್ಲಿ ಹೇಗೆ ಕಾಣುತ್ತದೆ ಎಂದಷ್ಟೇ ಯೋಚಿಸಿದೆ.

ಆ ದಿನಗಳಲ್ಲೇ ಅಣ್ಣನ ಫೋನ್ ಬಂತು. ಅಣ್ಣ ಕಾರಟಗಿಯ ಒಂದು ಅಕ್ಕಿ ಗಿರಣಿಯಲ್ಲಿ ಹಮಾಲ, ಭತ್ತದ ಚೀಲ ಹೊರುತ್ತಾನೆ. ಅವ್ವ, ಅಪ್ಪ ಇಬ್ಬರೂ ಹೋದ ಮೇಲೆ ನನಗೆ ತವರು ಅಂದರೆ ಅವನೊಬ್ಬನೇ. ವಾಸ್ತುಶಾಂತಿಗೆ ಏನು ತರಲಿ ಎಂದು ಕೇಳಿದ. ಏನೂ ಬೇಡ ಎಂದೆ. ಅಷ್ಟಕ್ಕೆ ಸುಮ್ಮನಿರಬಾರದೇ? ನನ್ನ ಬಾಯಿಗೆ ಬೆಂಕಿ ಹಾಕಬೇಕು. ಗಂಡನ ಮೇಲಿದ್ದ ಸಿಟ್ಟನ್ನು ಅವನ ಮುಂದೆ ತೋಡಿಕೊಂಡೆ.

‘ಒಂದ್ ತಿಂಗಳಾತಣ್ಣ, ಈ ಕೊಪ್ಪಳದಾಗ ಒಂದ್ ಛಲೋ ಫ್ಯಾನ್ ಸಿಗವಲ್ದು ನೋಡು’ ಎಂದೆ.

‘ಸಿಗವಲ್ದಾ?’ ಎಂದ ಅಣ್ಣ. ಅವನ ದನಿಯಲ್ಲಿ ನಿಜವಾದ ಚಿಂತೆ ಇತ್ತು. ನಾನು ಅದನ್ನು ಗಮನಿಸಲಿಲ್ಲ.

ವಾಸ್ತುಶಾಂತಿಗೆ ಎರಡು ದಿನ ಇರುವಾಗ ಅವನು ಬಂದ. ಕಾರಟಗಿಯಿಂದ ಕೊಪ್ಪಳದವರೆಗೆ ಬಸ್ಸಿನಲ್ಲಿ ಒಂದು ಉದ್ದನೆಯ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದ. ಚಪ್ಪಲಿ ಬಿಡುವ ಮೊದಲೇ ‘ತಂಗಿ, ಫ್ಯಾನಿನ ಚಿಂತಿ ಬಿಡು ಇನ್ನ’ ಎಂದ.

ಪೆಟ್ಟಿಗೆ ಬಿಚ್ಚಿದೆವು. ಕಾಫಿ ಬಣ್ಣದ ದಪ್ಪ ಫ್ಯಾನು, ಅಂಚಿಗೆ ಬಂಗಾರದ ಬಣ್ಣದ ಹೂಬಳ್ಳಿ. ಅದನ್ನಾದರೂ ತಡೆದುಕೊಳ್ಳುತ್ತಿದ್ದೆ. ಮೂರೂ ರೆಕ್ಕೆಗಳ ಮೇಲೆ ಕೆಂಪು ಆಯಿಲ್ ಪೇಂಟಿನಲ್ಲಿ ಹೆಸರು ಬರೆಸಿಕೊಂಡು ಬಂದಿದ್ದ. ಒಂದರ ಮೇಲೆ ಅವ್ವನದು, ಒಂದರ ಮೇಲೆ ಅಪ್ಪನದು, ಮೂರನೆಯದರ ಮೇಲೆ ತನ್ನದು. ತನ್ನ ಹೆಸರಿನ ಕೆಳಗೆ ‘ಕಾರಟಗಿ’ ಎಂದು ಬೇರೆ. ಅಕ್ಷರಗಳು ದಪ್ಪವಾಗಿ, ಸೊಟ್ಟಗೆ, ರೆಕ್ಕೆಯ ತುದಿಗೆ ಜಾರಿಕೊಂಡು ಹೋಗಿದ್ದವು.

‘ಇದೇನಣ್ಣ, ಹೆಸರ್ಯಾಕ?’ ಎಂದೆ.

‘ಹೆಸರಿಲ್ದ ಆಯಾರ ಮಾಡಾಕ ಬರ್ತೈತೇನ?’ ಎಂದು ನನ್ನನ್ನೇ ಕೇಳಿದ.

ಅವನು ಹೇಳಿದ್ದು ಸರಿಯೇ. ಶುಭಕಾರ್ಯಕ್ಕೆ ಕೊಡುವ ಉಡುಗೊರೆಗೆ ನಮ್ಮ ಕಡೆ ಆಯಾರ ಅನ್ನುತ್ತೇವೆ. ಸ್ಟೀಲ್ ಕೊಡವಿರಲಿ, ತಾಟಿರಲಿ, ಕೊಟ್ಟವರ ಹೆಸರು ಕೊರೆಸಿಯೇ ಕೊಡುವುದು ರೂಢಿ. ನನ್ನ ಅಡುಗೆಮನೆಯ ಅರ್ಧ ಪಾತ್ರೆಗಳ ಮೇಲೆ ಸೋದರಮಾವಂದಿರ, ಚಿಕ್ಕಮ್ಮಂದಿರ ಹೆಸರುಗಳಿವೆ. ಆದರೆ ಪಾತ್ರೆ ಅಡುಗೆಮನೆಯಲ್ಲಿರುತ್ತದೆ, ಫ್ಯಾನ್ ತಲೆಯ ಮೇಲೆ ಇರುತ್ತದೆ. ಹೆಸರು ಬರೆದ ಫ್ಯಾನುಗಳನ್ನು ನಾನು ನೋಡಿದ್ದು ಗುಡಿಯಲ್ಲಿ, ದರ್ಗಾದಲ್ಲಿ, ಸರಕಾರಿ ಸಾಲೆಯಲ್ಲಿ ಮಾತ್ರ. ದಾನ ಕೊಟ್ಟವರು ಬರೆಸುತ್ತಾರೆ.

‘ಯಾವ ಪೇಂಟರ್ ಬರದಾನಣ್ಣ ಇದನ್ನ?’ ಎಂದು ನಕ್ಕೆ. ನಗೆಯಲ್ಲಿ ಕುಹಕವಿತ್ತು.

‘ಅದಾನ ಒಬ್ಬ, ನಮ್ಮ ಮಿಲ್ಲಿನ್ಯಾಗ’ ಎಂದು ಅವನೂ ನಕ್ಕ. ಆಮೇಲೆ ಫ್ಯಾನ್ ಆರಿಸಿದ ಕಥೆ ಹೇಳಿದ. ‘ಗಂಗಾವತಿ ಅಂಗಡ್ಯಾಂವ ಒಂದೊಂದ ಹಚ್ಚಿ ತೋರ್ಸಿದ. ಬಾಯಿಲೆ ಎಲ್ಲಾನೂ ಛಲೋ ಅಂತಾನ. ನಾ ಏನ್ ಮಾಡಿದ್ನಿ, ಟವೆಲ್ ತೊಯಿಸಿಕೊಂಡು ಒಂದೊಂದರ ಬುಡಕ ಹಿಡಕೊಂಡು ಕುಂತ್ನಿ. ಯಾವ್ದು ಲಗೂನ ಒಣಗಸ್ತೈತಿ, ಅದು ಖರೇ ಫ್ಯಾನು. ಎರಡು ತಾಸು ಕುಂತಿದ್ನಿ. ಎಲ್ಲಾಕಿಂತ ಮೊದ್ಲ ಇದು ಒಣಗಿಸ್ತು.’

ಭತ್ತ ಒಣಗಿದೆಯೋ ಇಲ್ಲವೋ ಎಂದು ಕೈಯಲ್ಲಿ ಹಿಡಿದೇ ಹೇಳುವವನು ಅವನು. ನಾವು ಒಂದು ತಿಂಗಳು ಒದ್ದಾಡಿದ ಕೆಲಸವನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಿದ್ದ. ‘ಭಾಳ ಛಲೋ ಐತಣ್ಣ’ ಎಂದೆ. ಪಡಸಾಲೆಗೆ ಹಿಂದಿನ ವಾರವಷ್ಟೇ ಗಂಡನ ಮಾತು ಮೀರಿ ಬಿಳಿ ಫ್ಯಾನ್ ಹಾಕಿಸಿದ್ದೆ. ಉಳಿದ ಕೋಣೆಗಳಿಗೆ ಎಲೆಕ್ಟ್ರಿಷಿಯನ್ ಪೂಜೆ ಮುಗಿದ ಮೇಲೆಯೇ ಬರುತ್ತಾನೆ ಎಂದು ಹೇಳಿ, ಪೆಟ್ಟಿಗೆಯನ್ನು ಮಲಗುವ ಕೋಣೆಯ ಮೂಲೆಗೆ ಸರಿಸಿದೆ. ನನಗೆ ನಾಚಿಕೆಯಾಗಿತ್ತು. ಆಗ ಅದು ಅಣ್ಣನ ಬಗ್ಗೆ ಆದ ನಾಚಿಕೆ.

ವಾಸ್ತುಶಾಂತಿಯ ದಿನ ಕಾಲೇಜಿನವರೆಲ್ಲ ಬಂದರು. ಪಡಸಾಲೆಯಲ್ಲಿ ನಾನು ಆರಿಸಿದ ಬಿಳಿ ಫ್ಯಾನ್ ಸದ್ದಿಲ್ಲದೆ ತಿರುಗುತ್ತಿತ್ತು. ಅಂಗಳದಲ್ಲಿ ಊಟದ ಪಂಕ್ತಿ. ಅಣ್ಣ ಹೆಗಲಿಗೆ ಟವೆಲ್ ಹಾಕಿಕೊಂಡು ಹುಗ್ಗಿಯ ಬಕೆಟ್ ಹಿಡಿದು ಬಡಿಸುತ್ತಿದ್ದ. ಬಿಳಿ ಫ್ಯಾನಿನ ಆ ಸಹೋದ್ಯೋಗಿ, ನಮ್ಮ ಬಡಾವಣೆಯವಳೇ, ತನ್ನ ಬ್ಯಾಗ್ ಇಡಲು ಕೋಣೆಗೆ ಬಂದಳು. ತೆರೆದಿದ್ದ ಪೆಟ್ಟಿಗೆಯಲ್ಲಿ ರೆಕ್ಕೆ ಕಂಡಿತು.

‘ಅಯ್ಯ, ಇದೇನ್ರಿ ಮೇಡಂ, ಗುಡಿಗೆ ಕೊಡೂ ಫ್ಯಾನೇನು?’ ಎಂದಳು.

ನನಗೆ ಮುಖವೆಲ್ಲ ಬಿಸಿಯಾಯಿತು. ‘ಹೂನ್ರಿ, ಗುಡಿಗೇ’ ಎಂದುಬಿಟ್ಟೆ.

‘ಛಲೋ ಆತ್ ಬಿಡ್ರಿ! ನಮ್ಮನಿಯವ್ರು ನಮ್ಮ ಓಣಿ ಗುಡಿ ಕಮಿಟಿಯಾಗ ಅದಾರ, ಫ್ಯಾನ್ ಕೊಡಾವ್ರನ್ನ ಹುಡುಕಾಕತ್ತಿದ್ರು’ ಎಂದು ಅವಳು ಖುಷಿಯಾದಳು.

ಅಂಗಳದಿಂದ ಅಣ್ಣನ ದನಿ ಕೇಳುತ್ತಿತ್ತು. ‘ಹುಗ್ಗಿ, ಹುಗ್ಗಿ, ಇನ್ನೊಂದೀಟ ಹಾಕ್ಕೋರಿ, ನಮ್ಮ ತಂಗಿ ಮನಿ ಊಟ’ ಎನ್ನುತ್ತಿದ್ದ. ನನ್ನ ಮಾತು ಅವನಿಗೆ ಕೇಳಿಸಲಿಲ್ಲ. ಗಿರಣಿಯಲ್ಲಿ ಸುಗ್ಗಿಯ ಕೆಲಸವಿತ್ತೆಂದು ಆ ಸಂಜೆಯೇ ಅವನು ಊರಿಗೆ ಹೋದ.

ಆಡಿದ ಮಾತು ಬೆನ್ನು ಹತ್ತಿತು. ಮರುವಾರ ಕಮಿಟಿಯವರು ಮನೆಗೇ ಬಂದರು. ‘ಮೇಡಮ್ಮಾರ, ಫ್ಯಾನ್ ಕೊಡ್ತೀರಂತ ಕೇಳಿದ್ವಿ’ ಎಂದು ಕೈ ಮುಗಿದು ನಿಂತರು. ಇಲ್ಲ, ಅದು ನನ್ನ ಅಣ್ಣ ಕೊಟ್ಟಿದ್ದು ಎಂದು ಹೇಳಬಹುದಿತ್ತು. ಆಗ ಅವತ್ತು ಸುಳ್ಳು ಹೇಳಿದ್ದು ಬಯಲಾಗುತ್ತಿತ್ತು. ಪೆಟ್ಟಿಗೆ ಎತ್ತಿಕೊಟ್ಟೆ. ಕೊಡುವಾಗ ಪುಣ್ಯದ ಕೆಲಸ ಮಾಡಿದವಳ ಹಾಗೆ ಮುಖವನ್ನೂ ಮಾಡಿದೆ. ಗಂಡ ಮಾತ್ರ ‘ನಿಮ್ಮಣ್ಣಗ ಏನ್ ಹೇಳ್ತೀ?’ ಎಂದರು. ‘ಅಂವ ಎಲ್ಲಿ ಕೇಳ್ತಾನ ಬಿಡ್ರಿ’ ಎಂದೆ.

ಮುಂದಿನ ಬೇಸಿಗೆಯಲ್ಲಿ ಅಣ್ಣ ಒಂದು ಚೀಲ ಹೊಸ ಅಕ್ಕಿ ಹೊತ್ತುಕೊಂಡು ಬಂದ. ಬಂದವನೇ ಕೈಕಾಲು ಮುಖ ತೊಳೆದು, ‘ಮನಿ ತುಂಬ ನೋಡೇ ಇಲ್ಲ ನಾ’ ಎಂದು ಒಂದೊಂದೇ ಕೋಣೆಗೆ ಹೊಕ್ಕ. ಹೊಕ್ಕಲ್ಲೆಲ್ಲ ತಲೆ ಎತ್ತಿ ಮೇಲೆ ನೋಡುತ್ತಿದ್ದ. ನಾನು ಅವನ ಹಿಂದೆ ಹಿಂದೆಯೇ ಹೋದೆ. ಮಲಗುವ ಕೋಣೆ, ಮಕ್ಕಳ ಕೋಣೆ, ಕೊನೆಗೆ ಅಡುಗೆಮನೆ. ಅಲ್ಲಿಂದ ಪಡಸಾಲೆಗೆ ಬಂದು ಬಿಳಿ ಫ್ಯಾನಿನ ಕೆಳಗೆ ಕೂತು, ಮುಖ ಒರೆಸಿದ ಒದ್ದೆ ಟವೆಲನ್ನು ಎರಡು ಕೈಯಲ್ಲಿ ಹಿಡಿದ. ಟವೆಲ್ ಅಲುಗಲಿಲ್ಲ.

‘ಭಾರಿ ಐತಿ ಬಿಡು, ರಿಮೋಟ್ ಬ್ಯಾರೆ’ ಎಂದ. ಆಮೇಲೆ ಬಹಳ ಸಣ್ಣ ದನಿಯಲ್ಲಿ ‘ನಾ ತಂದಿದ್ದು ಎಲ್ಲಿ ಹಾಕೀರಿ ತಂಗಿ?’ ಎಂದು ಕೇಳಿದ.

‘ಅದು ಸುಟ್ಟೈತಣ್ಣ. ರಿಪೇರಿಗೆ ಕೊಟ್ಟೀವಿ’ ಎಂದೆ.

ಅವನ ಮುಖ ಸಣ್ಣದಾಯಿತು. ನನ್ನ ಮೇಲೆ ಸಂಶಯ ಬಂದು ಅಲ್ಲ, ತಾನು ಆರಿಸಿದ್ದು ಕೆಟ್ಟಿತಲ್ಲ ಎಂದು. ‘ಎರಡು ತಾಸು ಕುಂತು ನೋಡಿದ್ನಲ್ಲ, ಹಂಗ್ಯಾಂಗ ಸುಡ್ತೈತಿ? ನಿಮ್ಮಂಥ ಮನಿಗೆ ಸುಡು ಫ್ಯಾನ್ ತಂದು ಕೊಟ್ಟಂಗಾತಲ್ಲ ನಾ’ ಎಂದ. ಅಷ್ಟರಲ್ಲಿ ಏನೋ ನೆನಪಾಗಿ, ‘ತಡಿ, ಗ್ಯಾರಂಟಿ ಕಾರ್ಡ್ ನನ್ನ ಕಡೇನ ಐತಿ. ಅಂಗಡ್ಯಾಂವನ್ನ ಬಿಡಂಗಿಲ್ಲ’ ಎಂದು ಎದ್ದ. ಬೇಡಣ್ಣ, ಹೋಗಲಿ ಬಿಡು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಖರೆ ಹೇಳಿಬಿಡು ಎಂದು ಗಂಡ ಕಣ್ಣಲ್ಲೇ ಹೇಳುತ್ತಿದ್ದರು. ನಾನು ಅವರನ್ನೇ ದುರುಗುಟ್ಟಿ ನೋಡಿದೆ.

ಮರುದಿನ ಅವನ ಫೋನ್. ‘ಗಂಗಾವತ್ಯಾಗ ಜಗಳಾಡಿ ಬಂದ್ನಿ ನೋಡು. ಫ್ಯಾನ್ ತಗೊಂಡು ಬಾ, ಬದ್ಲಿ ಕೊಡ್ತೀನಿ ಅಂದಾನ. ಐತವಾರ ಬಂದು ಒಯ್ತೀನಿ. ರಿಪೇರಿ ಅಂಗಡ್ಯಾಂದ ತಂದಿಡು’ ಎಂದ.

ಐತವಾರಕ್ಕೆ ನಾಲ್ಕು ದಿನ ಇದ್ದವು. ಕಾಲೇಜಿಗೆ ಅರ್ಧ ದಿನ ರಜೆ ಹಾಕಿ ಮಧ್ಯಾಹ್ನ ಗುಡಿಗೆ ಹೋದೆ. ಹೇಗಾದರೂ ಕೇಳಿ ಫ್ಯಾನ್ ವಾಪಸ್ಸು ತರುವುದು, ಬದಲಿಗೆ ಬಿಳಿಯದನ್ನು ಕೊಡುವುದು ಎಂದುಕೊಂಡಿದ್ದೆ. ಒಳಗೆ ಅಣ್ಣನ ಫ್ಯಾನ್ ಭರ್ರೆಂದು ತಿರುಗುತ್ತಿತ್ತು. ಅದರ ಕೆಳಗೆ ನಮ್ಮ ಬಡಾವಣೆಯ ಕಸ ಗುಡಿಸುವ ಇಬ್ಬರು ಹೆಂಗಸರು ಸೆರಗು ತೊಯಿಸಿ ಮುಖದ ಮೇಲೆ ಹಾಕಿಕೊಂಡು ಮಲಗಿದ್ದರು. ಸೆರಗು ಗಾಳಿಗೆ ಹಾರಿ ಹಾರಿ ಬೀಳುತ್ತಿತ್ತು.

‘ನಿಮ್ಮ ಫ್ಯಾನಿನ ಬುಡಕ ಜಾಗಾನ ಸಿಗೂದಿಲ್ರಿ ಮೇಡಂ’ ಎಂದು ಪೂಜಾರಿ ಹೊಗಳಿದರು.

ಕೇಳಲು ಬಾಯಿ ಬರಲಿಲ್ಲ. ಕೊಟ್ಟಿದ್ದನ್ನು ಮರಳಿ ಕೇಳಿದರೆ ಬಡಾವಣೆಯಲ್ಲಿ ಮುಖ ಎತ್ತಿ ತಿರುಗುವುದು ಹೇಗೆ? ನೋಡಿ, ಆಗಲೂ ನನಗೆ ನನ್ನ ಮಾನದ್ದೇ ಚಿಂತೆ. ದೇವರಿಗೆ ಕೈ ಮುಗಿಯುವುದನ್ನೂ ಮರೆತು ಹೊರಗೆ ಬಂದೆ. ಮರುದಿನ ಗಂಗಾವತಿಯ ಬಸ್ ಹತ್ತಿದೆ. ಅಂಥದ್ದೇ ಇನ್ನೊಂದು ತಂದು, ಹೆಸರು ಬರೆಸಿ ತೂಗುಹಾಕಿಬಿಡುವುದೆಂದು ನಿಶ್ಚಯ ಮಾಡಿದ್ದೆ.

ಪೆಟ್ಟಿಗೆಯ ಮೇಲೆ ಅಂಗಡಿಯ ಹೆಸರು ನೋಡಿದ್ದು ನೆನಪಿತ್ತು. ಬಿಳಿ ಗಡ್ಡದ ಹಿರಿಯ ಸಾಹೇಬರೊಬ್ಬರು ದುಡ್ಡಿನ ಗಲ್ಲೆಯ ಹಿಂದೆ ಕೂತಿದ್ದರು. ಕಾಫಿ ಬಣ್ಣದ, ಬಂಗಾರದ ಬಳ್ಳಿಯ ಫ್ಯಾನ್ ಬೇಕು ಎಂದೆ. ಅವರು ಒಳಗಿನಿಂದ ಪೆಟ್ಟಿಗೆ ತರಿಸುತ್ತಾ ನಕ್ಕರು.

‘ಈ ಫ್ಯಾನಿಂದು ಒಂದ್ ಕಥಿ ಐತ್ರಿ ಅಕ್ಕಾರ. ಕಾರಟಗಿ ಹಮಾಲ ಒಬ್ಬಾಂವ ಬಂದಿದ್ದ, ತಂಗಿ ಮನಿಗೆ ಬೇಕಂತ. ಒದ್ದಿ ಟವೆಲ್ ಹಿಡಕೊಂಡು ಎರಡು ತಾಸು ಇಲ್ಲೇ ಕುಂತಿದ್ದ. ಇಷ್ಟು ವರ್ಷ ಅಂಗಡಿ ಮಾಡೀನಿ, ಹಂಗ ಆರಿಸಿದಾಂವನ್ನ ನೋಡಿಲ್ಲ. ಮೊನ್ನಿ ಬಂದು ಸುಟ್ಟೈತಿ ಅಂತ ಜಗಳಾ ತಗದ. ಇಷ್ಟು ಲಗೂ ಸುಡು ಮಾಲಲ್ಲೋ ಮಾರಾಯಾ, ಅವ್ರು ಹಚ್ಚಿದ್ರೋ ಇಲ್ಲೋ ಕೇಳು ಅಂದೆ. ತಗಾ, ಗಲ್ಲೆ ಮ್ಯಾಲ ಕೈ ಬಡದ. ನನ್ನ ತಂಗಿ ಸುಳ್ಳ ಹೇಳ್ತಾಳೇನು ಅಂತ ಓಣಿ ಕೇಳೂ ಹಂಗ ಒದರಿದ. ಗಿರಾಕಿ ಎಲ್ಲಾ ಎದ್ದು ನಿಂತ್ರು. ಇರ್ಲಿ ಬಿಡ್ರಿ, ತಂಗಿ ಮ್ಯಾಲ ಅಷ್ಟು ಭರೋಸ ಇದ್ದಾಂವ, ಫ್ಯಾನ್ ತಂದ್ರ ಬದ್ಲಿ ಕೊಟ್ಟ ಕಳಸ್ತೀನಿ.’

ಆ ತಂಗಿ ನಾನೇ ಎಂದು ಹೇಳಲಿಲ್ಲ. ಹೇಳುವ ಧೈರ್ಯ ನನ್ನಲ್ಲಿ ಇರಲಿಲ್ಲ. ನೆಲ ಬಾಯಿ ಬಿಟ್ಟರೆ ಸಾಕಾಗಿತ್ತು. ರೊಕ್ಕ ಕೊಟ್ಟು, ಪೆಟ್ಟಿಗೆ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಅದು ಇಷ್ಟು ಭಾರವಿರುತ್ತದೆಂದು ಗೊತ್ತಿರಲಿಲ್ಲ. ಕೊಪ್ಪಳ ಬರುವಷ್ಟರಲ್ಲಿ ತೊಡೆ ಮರಗಟ್ಟಿತ್ತು.

ಬೋರ್ಡು ಬರೆಯುವ ಪೇಂಟರ್ ಹತ್ತಿರ ರೆಕ್ಕೆಗಳನ್ನು ಒಯ್ದೆ. ಮೂರು ಹೆಸರುಗಳನ್ನು ಚೀಟಿಯಲ್ಲಿ ಬರೆದುಕೊಟ್ಟೆ. ‘ಯಾವ ಗುಡೀಗ್ರಿ?’ ಎಂದು ಕೇಳಿದ. ‘ನಮ್ಮನಿಗೆ’ ಎಂದೆ. ಅವನು ಒಮ್ಮೆ ನನ್ನ ಮುಖ ನೋಡಿ ಕುಂಚ ಎತ್ತಿಕೊಂಡ. ಈ ಮಾತನ್ನು ವಾಸ್ತುಶಾಂತಿಯ ದಿನ ಹೇಳಲು ನನಗೇನಾಗಿತ್ತು?

ಶನಿವಾರ ಬಿಳಿ ಫ್ಯಾನ್ ಪಡಸಾಲೆಯಿಂದ ಇಳಿಯಿತು, ಹೊಸದು ಏರಿತು. ಐತವಾರ ಹತ್ತು ಗಂಟೆಗೆ ಅಣ್ಣ ಬಂದ. ಬಾಗಿಲಲ್ಲೇ ತಲೆ ಎತ್ತಿ ನೋಡಿದ. ಅವನ ಮುಖ ಅರಳಿದ್ದನ್ನು ನಾನು ನೋಡಿದೆ.

‘ರಿಪೇರಿ ಆಗಿ ಬಂತಣ್ಣ. ಇನ್ನ ಅಂಗಡಿಗೆ ಒಯ್ಯೂದು ಬ್ಯಾಡ’ ಎಂದೆ.

‘ಹೌದಾ! ಪಡಸಾಲ್ಯಾಗ ಹಾಕೀರಿ!’ ಎಂದ. ಫ್ಯಾನಿನ ಕೆಳಗೆ ನಿಂತು ಎರಡೂ ಕೈ ಮೇಲೆತ್ತಿ ಗಾಳಿ ಹಿಡಿದ. ‘ಗಾಳಿ ಅದ ಐತಿ ನೋಡು. ಒಂದೀಟ ಆಫ್ ಮಾಡು ತಂಗಿ, ಹೆಸರು ನೋಡೂಣು.’

ಸ್ವಿಚ್ ಒತ್ತಿದೆ. ಒಳ್ಳೆಯ ಫ್ಯಾನ್ ಬೇಗ ನಿಲ್ಲುವುದಿಲ್ಲ. ಸುತ್ತು ನಿಧಾನವಾಗುತ್ತಾ ಹೋಗಿ ಕೆಂಪು ಗೆರೆ ಅಕ್ಷರಗಳಾದವು. ದುಂಡಗಿನ, ಒಂದೇ ಅಳತೆಯ, ಅಂಚಿಗೆ ಕಪ್ಪು ನೆರಳು ಬಿಡಿಸಿದ ಅಕ್ಷರಗಳು. ಅಣ್ಣ ಮೂರೂ ರೆಕ್ಕೆ ನಿಲ್ಲುವವರೆಗೆ ನೋಡಿದ. ಎತ್ತಿದ ಕೈಗಳು ಕೆಳಗಿಳಿದವು.

‘ಪೇಂಟರ್ ಛಲೋ ಬರದಾನ’ ಎಂದ.

‘ಹೂನಣ್ಣ’ ಎಂದೆ.

‘ನನ್ನ ಅಕ್ಷರ ಇಷ್ಟು ದುಂಡಗ ಎಲ್ಲಿದ್ದಾವ ತಂಗಿ?’

ನಾನು ತಲೆ ಎತ್ತಿ ಆ ದುಂಡಗಿನ ಅಕ್ಷರಗಳನ್ನು ನೋಡಿದೆ. ‘ಚೀಲದ ಮ್ಯಾಲ ನಂಬರ್ ಬರಿಯೂ ಬ್ರಷ್ ತಗೊಂಡು ನಾನ ಬರದಿದ್ನಿ. ಮೂರು ಸಲ ಅಳಸಿ ಬರದೆ. ಅವ್ವನ ಹೆಸರು ಸೊಟ್ಟಗಾಕ್ಕಿತ್ತು’ ಎಂದ. ಒಡಹುಟ್ಟಿದವನ ಕೈಬರಹ ನನಗೆ ಗುರುತು ಸಿಕ್ಕಿರಲಿಲ್ಲ. ಯಾವ ಪೇಂಟರ್ ಬರೆದಿದ್ದಾನೆ ಎಂದು ಅವನ ಮುಖಕ್ಕೇ ನಕ್ಕಿದ್ದೆ.

ಅಲ್ಲೇ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಹೇಳುವಾಗ ಅಳು ಬಂತು. ಮುಗಿದ ಮೇಲೆ ಒಂದೇ ಮಾತು ಕೇಳಿದ.

‘ಅದು ಸುಟ್ಟಿಲ್ಲಲ್ಲ?’

‘ಇಲ್ಲಣ್ಣ. ಒಂದಿನಾನೂ ಕೆಟ್ಟಿಲ್ಲ. ಗುಡ್ಯಾಗ ಎಲ್ಲಾರೂ ಅದರ ಬುಡಕಾನ ಕುಂದರ್ತಾರ.’

‘ಹಂಗಾದ್ರ ಆ ಸಾಹೇಬಗ ನಾ ತಪ್ಪಾತು ಅನಬೇಕು. ಸುಮ್ಸುಮ್ನ ಬೈದ ಬಂದೀನಿ.’

‘ನಾ ಹೋಗ್ತೀನಣ್ಣ. ತಪ್ಪು ನಂದು.’

‘ಬೈದಾಂವ ನಾನು’ ಎಂದ.

ಅವನು ಬೈದಿದ್ದರೆ, ಕೆನ್ನೆಗೆ ಒಂದು ಕೊಟ್ಟಿದ್ದರೆ ನನಗೆ ಹಗುರಾಗುತ್ತಿತ್ತು. ಅವನಿಗೆ ಸಿಟ್ಟು ಬಂದ ಹಾಗೆಯೇ ಕಾಣಲಿಲ್ಲ. ಫ್ಯಾನಿನ ಕಡೆ ಇನ್ನೊಮ್ಮೆ ನೋಡಿ, ಅಂಗಡಿಯಲ್ಲಿ ಸಾಮಾನು ಕೇಳುವ ದನಿಯಲ್ಲಿ ಹೇಳಿದ. ‘ಅವ್ವಾ ಅಪ್ಪಂದು ಇರ್ಲಿ, ಅವ್ರ ಹೆಸರು ಎಲ್ಲಿದ್ರೂ ನಡೀತೈತಿ. ನಂದು ಅಳಸಿಬಿಡು. ಇದನ್ನ ನಾ ಕೊಟ್ಟಿಲ್ಲ.’

‘ಇರ್ಲಿ ಬಿಡಣ್ಣ, ಕಾಲು ಬೀಳ್ತೀನಿ.’

‘ನಾ ಇಲ್ಲಿದ್ದಾಗ ಅಳಸು.’

ಮನೆಗೆ ಬಣ್ಣ ಹೊಡೆಸಿದಾಗ ಉಳಿದ ಥಿನ್ನರ್ ಡಬ್ಬಿ ಬಚ್ಚಲ ಹತ್ತಿರ ಇತ್ತು. ಹಳೆಯ ಬನಿಯನ್ ಚೂರು ತಂದೆ. ಸ್ಟೂಲ್ ಇಟ್ಟು ಹತ್ತಿ, ಮೂರನೆಯ ರೆಕ್ಕೆಯನ್ನು ಎಡಗೈಯಲ್ಲಿ ಹಿಡಿದು ಒರೆಸತೊಡಗಿದೆ. ಹೊಸ ಬಣ್ಣ, ಒಂದೇ ಸಲಕ್ಕೆ ಹೋಗಲಿಲ್ಲ. ಹೆಸರು ಹರಡಿ ಕೆಂಪಗಾಯಿತು. ಕಣ್ಣೀರಿಗೆ ಅಕ್ಷರ ಕಾಣದೆ ಮುಂದಕ್ಕೆ ಬಾಗಿದಾಗ ಸ್ಟೂಲ್ ಅಲುಗಿತು.

ಅಣ್ಣ ಓಡಿ ಬಂದು ಬಗ್ಗಿ ಸ್ಟೂಲನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡ.

‘ಜ್ವಾಕಿ ತಂಗಿ, ಬಿದ್ದಿಗಿದ್ದಿ’ ಎಂದ. ಅವನ ಹೆಸರು ಪೂರ್ತಿ ಹೋಗುವವರೆಗೂ ಹಾಗೆಯೇ ಹಿಡಿದು ನಿಂತಿದ್ದ.